ಎಸರಿಗೆ ಯಾವ ನೀರು? – ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಆಂಧ್ರ ಗಡಿ ಕಡೆಯ ಒಂದು ಹಳ್ಳಿಯವಳು. ಇಪ್ಪತ್ತೇಳು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಹೋದ ವರ್ಷ ನಿವೃತ್ತಿಯಾದೆ. ಮೊನ್ನೆ ಅಟ್ಟ ಗುಡಿಸುವಾಗ ಹಳೇ ಗ್ರೂಪ್ ಫೋಟೋಗಳ ಕಟ್ಟು ಸಿಕ್ಕಿತು. ಒಂದೊಂದಾಗಿ ನೋಡುತ್ತಾ ಕೂತೆ. ಯಾವ ವರ್ಷದ ಫೋಟೋ ತೆಗೆದರೂ ಮುಕ್ಕಾಲು ಮಕ್ಕಳ ಬಾಯಿ ಮುಚ್ಚಿದೆ. ಕೆಲವರದಂತೂ ಕೈ ಅಡ್ಡ ಬಂದಿದೆ. ಫೋಟೋ ತೆಗೆಯುವವನು "ನಗ್ರೋ" ಅಂತ ಎಷ್ಟು ಕೂಗಿದರೂ ತುಟಿ ಬಿಗಿ ಹಿಡಿದೇ ನಕ್ಕ ಮಕ್ಕಳು ಅವು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ತಪ್ಪು ಮಾಡಿದ್ದೇನೆ. "ಹಲ್ಲು ಉಜ್ಜೋದಿಲ್ವೇನೋ?" ಅಂತ ಎಲ್ಲರ ಮುಂದೆ ಬೈದಿದ್ದೇನೆ. ಹಾಗೆ ಬೈಸಿಕೊಂಡ ಒಬ್ಬ ಹುಡುಗ ಮಾರನೇ ದಿನ ಇಟ್ಟಿಗೆ ಪುಡಿ ಹಾಕಿ ಉಜ್ಜಿಕೊಂಡು, ವಸಡಿನಲ್ಲಿ ರಕ್ತ ಬರಿಸಿಕೊಂಡು ಬಂದಿದ್ದ. ಕಲೆ ಮಾತ್ರ ಹಾಗೇ ಇತ್ತು. ಅದು ಹೋಗುವಂಥದ್ದಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ, ಅಂದರೆ ಮಗುವಿಗೆ ಸುಮಾರು ಎಂಟು ವರ್ಷ ತುಂಬುವುದರೊಳಗೆ, ಕುಡಿಯುವ ನೀರಿನಲ್ಲಿ ಮಿತಿಮೀರಿ ಕರಗಿರುವ ಫ್ಲೋರೈಡ್ ಅನ್ನುವ ಲವಣ ಅದರ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಡಿಸಿರುತ್ತದೆ. ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ. ಬ್ರಷ್ಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಹುಡುಗ ಈಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ. ಎದುರು ಸಿಕ್ಕಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತದೆ.

ನೀರಿನ ವಿಷಯ ನಮ್ಮದಲ್ಲ, ಗ್ರಾಮೀಣಾಭಿವೃದ್ಧಿ ಇಲಾಖೆಯದು ಅಂತ ನಿಮ್ಮ ಕಡೆಯವರು ಅನ್ನಬಹುದು. ಅದಕ್ಕೇ ನಮ್ಮತ್ತೆಯ ಕಥೆ ಹೇಳಿಬಿಡುತ್ತೇನೆ.

ಅತ್ತೆಗೆ ಐವತ್ತು ದಾಟುತ್ತಿದ್ದ ಹಾಗೆ ಸೊಂಟ, ಕುತ್ತಿಗೆ ಹಿಡಿದುಕೊಳ್ಳಲು ಶುರುವಾಯಿತು. ವಾತ ಅಂದರು, ವಯಸ್ಸು ಅಂದರು. ಹನ್ನೆರಡು ವರ್ಷ ನೋವಿನ ಮಾತ್ರೆ, ಇಂಜೆಕ್ಷನ್ನು, ಎಣ್ಣೆ. ಸರ್ಕಾರಿ ಆಸ್ಪತ್ರೆಗೂ ಹೋದೆವು, ಖಾಸಗಿಯವರಿಗೂ ದುಡ್ಡು ಸುರಿದೆವು. ಕೊನೆಕೊನೆಗೆ ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗಿಸಲು ಆಗದೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬರೇ ಒಬ್ಬ ವಯಸ್ಸಾದ ಡಾಕ್ಟರು, ಸೊಂಟದ್ದು ಬಿಟ್ಟು ಮುಂಗೈ ಎಕ್ಸ್‌ರೇ ತೆಗೆಸಿದರು. ಅಲ್ಲಿನ ಎರಡು ಮೂಳೆಗಳ ನಡುವೆ ಇರುವ ತೆಳು ಪೊರೆ ಸುಣ್ಣಗಟ್ಟಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ ಅವರು ಕೇಳಿದ್ದು ಒಂದೇ ಮಾತು: "ಅಮ್ಮಾ, ನಿಮ್ಮೂರಲ್ಲಿ ಯಾವ ನೀರು ಕುಡೀತೀರಿ?"

ಆ ಪ್ರಶ್ನೆ ಹನ್ನೆರಡು ವರ್ಷ ತಡವಾಗಿ ಬಂತು. ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಗೆ ಫ್ಲೋರೋಸಿಸ್ ಅನ್ನುತ್ತಾರೆ, ಮೂಳೆಗೆ ಇಳಿದ ಮೇಲೆ ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ನೋವು ತಗ್ಗಿಸಬಹುದು, ಬಗ್ಗಿದ್ದನ್ನು ನೆಟ್ಟಗೆ ಮಾಡಲಾಗದು. ತಡೆಯುವುದೊಂದೇ ದಾರಿ. ತಡೆಯುವ ಕೆಲಸ ಆರೋಗ್ಯ ಇಲಾಖೆಯದಲ್ಲದೆ ಇನ್ಯಾರದು ಸ್ವಾಮಿ?

ಇದೇನು ಹೊಸ ಕಾಯಿಲೆಯೂ ಅಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಕಂಡು ವೈದ್ಯರು ಬರೆದಿದ್ದು 1937ರಲ್ಲಿ. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 2008-09ರಲ್ಲಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೊಪ್ಪಳ, ರಾಯಚೂರು ಅಂತ ಊರ ಹೆಸರು ಹೇಳಿದರೆ ಸಾಕು, ನಿಮ್ಮ ಅಧಿಕಾರಿಗಳು ಉಳಿದದ್ದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಗೊತ್ತಿಲ್ಲದೆ ಕೆಟ್ಟಿದ್ದಲ್ಲ ಇದು.

ನಮ್ಮ ಅಜ್ಜಿ ಕಾಲದಲ್ಲಿ ಸೇದೋ ಬಾವಿ ಇತ್ತು. ಮೂವತ್ತು, ನಲವತ್ತು ಅಡಿಗೆ ನೀರು. ಕೆರೆ ತುಂಬಿದರೆ ಬಾವಿಯೂ ತುಂಬುತ್ತಿತ್ತು. ಮಳೆಯ ನೀರು ಇಳಿದು ಸ್ವಲ್ಪ ದಿನಕ್ಕೇ ಕೊಡಕ್ಕೆ ಬರುತ್ತಿತ್ತು, ಬಂಡೆಯ ಜೊತೆ ಅದಕ್ಕೆ ಹೆಚ್ಚು ನಂಟಿರಲಿಲ್ಲ. ಈಗ ನಮ್ಮೂರ ಬೋರು ಒಂಬೈನೂರು ಅಡಿ ದಾಟಿದೆ. ಅಷ್ಟು ಆಳದ ನೀರು ಎಷ್ಟೋ ಕಾಲದಿಂದ ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ಕೂತು, ಬಂಡೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ನೋಡಲು ತಿಳಿಯಾಗಿರುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ. ಉಪ್ಪು ನೀರಾದರೆ ನಾಲಿಗೆಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದು ಹಲ್ಲಿಗೆ. ಕುದಿಸಿ ಕುಡಿಯಿರಿ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅದು ಇಲ್ಲಿ ಉಲ್ಟಾ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹಾಗೇ ಇರುತ್ತದೆ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತದೆ.

ಶುದ್ಧ ನೀರಿನ ಘಟಕ ಕೊಟ್ಟಿದ್ದೇವಲ್ಲ ಅನ್ನುತ್ತೀರಿ. ಕೊಟ್ಟಿದ್ದೀರಿ, ಇಲ್ಲ ಅನ್ನುವುದಿಲ್ಲ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಅದರಿಂದ ನಮ್ಮ ಕಡೆ ಎಷ್ಟೋ ಮಕ್ಕಳ ಹಲ್ಲು ಉಳಿದಿದೆ. ಆದರೆ ನೀವು ಒಂದು ಸಲ ನಮ್ಮ ಅಡುಗೆಮನೆಗೆ ಬಂದು ನೋಡಬೇಕು. ಫಿಲ್ಟರ್ ನೀರು ಒಂದು ಮೂಲೆಯಲ್ಲಿ, ಮುಚ್ಚಳ ಹಾಕಿ, ಮೇಲೊಂದು ಲೋಟ ಬೋರಲು ಹಾಕಿ ಇಟ್ಟಿರುತ್ತೇವೆ. ಅದು ಕುಡಿಯೋಕೆ ಮಾತ್ರ. ಎಸರಿಗೆ ಇಡುವುದು ನಲ್ಲಿ ನೀರು. ಮುದ್ದೆಗೆ, ಅನ್ನಕ್ಕೆ, ಸಾರಿಗೆ, ಕಾಫಿಗೆ ಎಲ್ಲ ಅದೇ ಬೋರಿನ ನೀರು. ನಾನೇ ಒಂದು ವಾರ ಅಳೆದು ನೋಡಿದೆ. ಐದು ಜನರ ಮನೆಯಲ್ಲಿ ಅಡುಗೆಗೇ ದಿನಕ್ಕೆ ಒಂದು ಕೊಡ ಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಟ್ಟು, ಅಕ್ಕಿ, ಬೇಳೆಯೊಳಗೆ ಹೀರಿಕೊಂಡು ತಟ್ಟೆಗೇ ಬರುತ್ತದೆ. ಬಾಗಿಲಲ್ಲಿ ತಡೆದ ಕಳ್ಳನನ್ನು ಹಿತ್ತಲಿಂದ ಕರೆದು ಊಟಕ್ಕೆ ಕೂರಿಸಿದ ಹಾಗೆ. ಯಾವ ಅಧಿಕಾರಿಯೂ, ಯಾವ ಡಾಕ್ಟರೂ ನಮ್ಮ ಹೆಂಗಸರಿಗೆ "ಎಸರಿಗೂ ಕ್ಯಾನ್ ನೀರೇ ಹಾಕಿ" ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವುದಕ್ಕೆ ಖರ್ಚೇನೂ ಇಲ್ಲ, ಅಲ್ವಾ?

ಈ ಮಾತು ಶಾಲೆಗಂತೂ ಇನ್ನೂ ಜಾಸ್ತಿ ಅನ್ವಯಿಸುತ್ತದೆ. 2013ರಿಂದ ಕ್ಷೀರಭಾಗ್ಯ ಇದೆ. ಈಚೆಗೆ ರಾಗಿ ಮಾಲ್ಟ್ ಬಂದಿದೆ. ಎರಡೂ ಒಳ್ಳೆಯದೇ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ರಕ್ತಕ್ಕೆ ಸೇರುವುದು ಕಮ್ಮಿಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಅದರ ಒಂದು ಚೂರು ಮಾತ್ರ. ನಮ್ಮ ಕಡೆಯವರಿಗೆ ಮುದ್ದೆ ಬಿಟ್ಟು ಅನ್ನದ ರುಚಿ ಹತ್ತಿದ್ದಕ್ಕೂ ಈ ಕಾಯಿಲೆಗೂ ನಂಟಿದೆ ಅಂತ ನನ್ನ ಅನುಮಾನ. ಇರಲಿ. ನನ್ನ ಪ್ರಶ್ನೆ ಬೇರೆ. ಆ ಹಾಲಿನ ಪುಡಿ ಕಲಸುವ ನೀರು ಯಾವುದು? ಮಾಲ್ಟ್ ಕುದಿಸುವ ನೀರು ಯಾವುದು? ನಾನು ಕೆಲಸ ಮಾಡಿದ ಕಡೆಯೆಲ್ಲ ಅದು ಶಾಲೆಯ ಬೋರಿನ ನೀರೇ ಆಗಿತ್ತು. ಒಂದು ಕೈಯಲ್ಲಿ ಮದ್ದು, ಅದೇ ಲೋಟದಲ್ಲಿ ರೋಗ. ಅಂಗನವಾಡಿಯಲ್ಲೂ ಇದೇ ಕಥೆ. ಅಲ್ಲಿ ಕೂತಿರುವುದು ಆರು ವರ್ಷದೊಳಗಿನ, ಹಲ್ಲು ಇನ್ನೂ ಒಳಗೇ ತಯಾರಾಗುತ್ತಿರುವ ಮಕ್ಕಳು.

ಇನ್ನೊಂದು ಲೆಕ್ಕ ಇದೆ. ಸುಮ್ನೆ ತಲೆ ತಿನ್ನುತ್ತೇನೆ ಅಂದುಕೊಳ್ಳಬೇಡಿ, ಮೇಷ್ಟ್ರ ಕಸುಬೇ ಅದು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರು ಸಿಗದಿದ್ದರೆ 1.5ರ ತನಕ ನಡೆಯುತ್ತದೆ ಅಂತ ನಮ್ಮ ದೇಶದ ಅಳತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಆ ಸಂಸ್ಥೆ ಇಂಥ ಲೆಕ್ಕ ಹಾಕುವಾಗ ದೊಡ್ಡವರು ದಿನಕ್ಕೆ ಎರಡು ಲೀಟರ್ ನೀರು ಕುಡಿಯುತ್ತಾರೆ ಅಂತ ಹಿಡಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೂಲಿ ಕೆಲಸಕ್ಕೆ ಹೋಗುವ ಹೆಂಗಸು ಎರಡು ಲೀಟರನ್ನು ಮಧ್ಯಾಹ್ನದೊಳಗೇ ಮುಗಿಸಿರುತ್ತಾಳೆ. ಸಂಜೆ ಹೊತ್ತಿಗೆ ನಾಲ್ಕೋ ಐದೋ ಆಗಿರುತ್ತದೆ. ಫ್ಯಾನ್ ಕೆಳಗೆ ಕೂತವರಿಗೆ ಸರಿಹೋಗುವ ಅಳತೆ ಅವಳಿಗೆ ಸರಿಹೋಗುವುದಿಲ್ಲ. ಒಂದೇ ಊರು, ಒಂದೇ ನಲ್ಲಿ. ಆದರೂ ಕೂಲಿಯವರ ಸೊಂಟ ಮೊದಲು ಬಗ್ಗುತ್ತದೆ, ಮೇಷ್ಟ್ರದು ಆಮೇಲೆ. ಮೂತ್ರಪಿಂಡ ಸರಿ ಇಲ್ಲದವರಿಗೆ ಇನ್ನೂ ಕಷ್ಟ, ಯಾಕೆಂದರೆ ಫ್ಲೋರೈಡ್ ಹೊರಗೆ ಹೋಗಬೇಕಾದ ದಾರಿಯೇ ಅದು.

ಊಟದಲ್ಲಿ ನಾವೇ ಮಾಡಿಕೊಳ್ಳಬಹುದಾದದ್ದೂ ಇದೆ. ನೆಲ್ಲಿಕಾಯಿ, ನಿಂಬೆ, ಹಾಲು, ಸೊಪ್ಪು. ಹುಣಸೆ ಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಗೆ ಹೋಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅಳೆದು ನೋಡಿದ್ದಾರೆ. ತುಮಕೂರು ಜಿಲ್ಲೆಯವರಿಗೆ ಹುಣಸೆ ಹಣ್ಣಿಗೆ ಬರವೇ? ಆದರೆ ಹುಳಿ ಸಾರು ಮಾಡಿಕೊಂಡು ಕೆಟ್ಟ ನೀರನ್ನೇ ಕುಡಿಯಿರಿ ಅಂತ ಯಾರೂ ಇದನ್ನು ಅರ್ಥ ಮಾಡಿಕೊಳ್ಳಬಾರದು. ಕಡಕ್ ಚಹಾ, ಕಪ್ಪು ಉಪ್ಪು ಕಮ್ಮಿ ಮಾಡಿ ಅಂತ ಹೇಳಿದರೆ ನಮ್ಮ ಜನ ಕೇಳುತ್ತಾರೆ. ಹೇಳುವವರು ಬೇಕು, ಅಷ್ಟೇ.

ಹೇಳುವವರು ನಿಮ್ಮ ಹತ್ತಿರವೇ ಇದ್ದಾರೆ. 2024ರಲ್ಲಿ ಗೃಹ ಆರೋಗ್ಯ ಯೋಜನೆಯನ್ನು ಕೋಲಾರದಿಂದಲೇ ಶುರು ಮಾಡಿದಿರಿ. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಒಳ್ಳೆ ಕೆಲಸ. ಅದೇ ಕೋಲಾರದಲ್ಲಿ ಬೋರಿನ ಫ್ಲೋರೈಡೂ ಹಳೇ ಕಾಟ. ಆ ಪಟ್ಟಿಗೆ ಎರಡು ಪ್ರಶ್ನೆ ಸೇರಿಸಿ. ಕುಡಿಯೋಕೆ ಯಾವ ನೀರು, ಅಡುಗೆಗೆ ಯಾವ ನೀರು? ಜೊತೆಗೆ ಮೂರು ಸಣ್ಣ ಪರೀಕ್ಷೆ: ಬಗ್ಗಿ ನೆಲ ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಮಡಚಿ ತಲೆಯ ಹಿಂದೆ ಹಿಡಿಯುವುದು. ಆಶಾ ಕಾರ್ಯಕರ್ತೆ ಎರಡು ನಿಮಿಷದಲ್ಲಿ ಮಾಡಿಸಬಹುದು. ಯಂತ್ರ ಬೇಡ, ಸೂಜಿ ಬೇಡ.

ಇನ್ನು ಮೂರನೇ ನಾಲ್ಕನೇ ತರಗತಿಯ ಮಕ್ಕಳ ಮುಂಭಾಗದ ಹಲ್ಲು. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಶಾಲೆಗೆ ವರ್ಷಕ್ಕೊಮ್ಮೆ ಡಾಕ್ಟರ ತಂಡ ಬರುತ್ತದೆ, ಬಾಯಿ ತೆಗೆಸಿ ನೋಡುತ್ತದೆ, ಹುಳುಕು ಇದ್ದರೆ ಬರೆದುಕೊಳ್ಳುತ್ತದೆ. ಕಂದು ಪಟ್ಟೆ ಕಂಡರೆ ಏನಾಗುತ್ತದೆ? ನನ್ನ ಅನುಭವದಲ್ಲಿ ಏನೂ ಆಗಲಿಲ್ಲ. ಆ ಪಟ್ಟೆ ಮಗುವಿನ ಕಾಯಿಲೆ ಅಷ್ಟೇ ಅಲ್ಲ, ಆ ಬೀದಿಯ ನೀರಿನ ರಿಪೋರ್ಟು. ನಾಳೆ ಅದೇ ಮಗುವಿನ ಮೂಳೆಗೆ ಆಗಲಿರುವುದನ್ನು ಹಲ್ಲು ಇವತ್ತೇ ಬರೆದು ತೋರಿಸುತ್ತಿದೆ. ಒಂದು ಶಾಲೆಯಲ್ಲಿ ಹೊಸ ಮಕ್ಕಳಿಗೆ ಪಟ್ಟೆ ಕಂಡ ತಿಂಗಳೇ ಆ ಊರಿನ ನೀರು ಬದಲಾಗಬೇಕು. ಡೆಂಗಿ ಬಂದರೆ ಮರುದಿನವೇ ಮನೆಮನೆಗೆ ಬಂದು ತೊಟ್ಟಿ ಬಗ್ಗಿಸಿ ನೋಡುವುದಿಲ್ಲವೇ, ಹಾಗೆ.

ನೀರು ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ಮನೆಮನೆಗೆ ನಲ್ಲಿ ಬಂದಿದೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ನಲ್ಲಿಯ ಹಿಂದೆ ಅದೇ ಬೋರು ಇದ್ದರೆ ನಡೆಯುವ ಕಾಟ ತಪ್ಪಿತು, ನೋವು ತಪ್ಪಲಿಲ್ಲ. ತುಂಗಭದ್ರೆಯ ಹಿನ್ನೀರನ್ನು ಪಾವಗಡದ ಕಡೆ ತರುವ ಯೋಜನೆ ದೊಡ್ಡದು, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ತಲೆ ಮೇಲಿನ ನೀರನ್ನು ಯಾಕೆ ಮರೆತೆವು? ಐನೂರು ಚದರಡಿ ಚಾವಣಿ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೂ ಸೋರಿಕೆ ಕಳೆದು ಸುಮಾರು 18 ಸಾವಿರ ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯೋಕೆ, ಅಡುಗೆಗೆ ಸೇರಿ ದಿನಕ್ಕೆ 50 ಲೀಟರ್ ಅಂದರೆ ವರ್ಷಕ್ಕೆ ಬೇಕಾದದ್ದೂ ಅಷ್ಟೇ. ಎಲ್ಲವನ್ನೂ ಹಿಡಿದಿಡಲು ಆಗುವುದಿಲ್ಲ, ಗೊತ್ತು. ತೊಟ್ಟಿ ಕಟ್ಟಿಸಲು ದುಡ್ಡು ಬೇಕು, ಮೊದಲ ಮಳೆ ಹೊರಗೆ ಬಿಡಬೇಕು, ಬೆಳಕು ಬೀಳದ ಹಾಗೆ ಮುಚ್ಚಬೇಕು. ಅರ್ಧ ಹಿಡಿದರೂ ಆರು ತಿಂಗಳು ಎಸರಿನ ಚಿಂತೆ ಇಲ್ಲ. ಹಿಂದೆ ಸುವರ್ಣ ಜಲ ಅಂತ ಶಾಲೆಗಳಿಗೆ ಇಂಥ ತೊಟ್ಟಿ ಕಟ್ಟಿಸಿದ್ದರು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅದರ ಪೈಪು ಎರಡನೇ ವರ್ಷಕ್ಕೇ ಕಳಚಿ ಬಿತ್ತು. ರಿಪೇರಿ ಯಾರು ಮಾಡಿಸಬೇಕು ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ತೊಟ್ಟಿಯಲ್ಲಿ ಸೌದೆ ಇಟ್ಟರು.

ನಮ್ಮ ಪಾವಗಡದ ತಿರುಮಣಿ ಕಡೆ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್. ನಮ್ಮ ಬಿಸಿಲನ್ನು ಹಿಡಿದು ಊರೂರಿಗೆ ಕಳಿಸಲು ಗೊತ್ತಿರುವ ಸರ್ಕಾರಕ್ಕೆ ನಮ್ಮ ಮಳೆ ಹಿಡಿಯುವುದು ಅಷ್ಟು ಕಷ್ಟವೇ?

ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ಈಗ ಇರುವುದು ಉದ್ಘಾಟನೆ ಮಾಡಿದವರ ಹೆಸರು. ಅದರ ಕೆಳಗೆ ಒಂದು ಕಪ್ಪು ಹಲಗೆ ಬರೆಸಿ. ಈ ತಿಂಗಳ ಫ್ಲೋರೈಡ್ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು, ಕೆಟ್ಟರೆ ಯಾರನ್ನು ಕೇಳಬೇಕು. ಮೂರೇ ಸಾಲು.

ಪರೀಕ್ಷೆ ಮಾಡಲು ಹಳ್ಳಿ ಹೆಂಗಸರಿಗೆ ಬರುತ್ತದೆ. ನಮ್ಮೂರಲ್ಲಿ ಐದು ಜನಕ್ಕೆ ತರಬೇತಿ ಕೊಟ್ಟು ಕಿಟ್ ಕೊಟ್ಟಿದ್ದರು. ನೀರಿಗೆ ಹನಿ ಹಾಕಿದರೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ, ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ. ಅವರ ಜೊತೆ ನಾನೂ ಓಡಾಡಿ, ಊರಿನ ಒಂದೊಂದು ಬೋರಿನ ಬಣ್ಣವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿದ್ದೇನೆ. ಅದರ ನಕಲು ಈ ಪತ್ರದ ಜೊತೆ ಇದೆ. ಮೂರನೇ ಪುಟದಲ್ಲಿ ಒಂದು ಸಾಲು ಖಾಲಿ ಕಾಣುತ್ತದೆ. ಅದು ಶಾಲೆಯ ಬೋರು. ಅಲ್ಲಿಗೆ ಹೋಗುವಷ್ಟರಲ್ಲಿ ಕಿಟ್ಟಿನ ದ್ರಾವಣ ಮುಗಿದಿತ್ತು, ಹೊಸದು ಇನ್ನೂ ಬಂದಿಲ್ಲ.

ಇಂತಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ