ಅಂತರ್ಜಲದ ಕೆಲಸಕ್ಕೆ ಪಳಗಿದ ಕೈಗಳು ಬೇಕು

ಮಾನ್ಯ ಸಂಪಾದಕರೇ,

ಗ್ರಾಮೀಣ ಕುಡಿಯುವ ನೀರಿನ ಚರ್ಚೆಯಲ್ಲಿ ಎಷ್ಟು ಕೊಳವೆಬಾವಿಗಳನ್ನು ಕೊರೆಯಲಾಯಿತು ಎಂಬ ಲೆಕ್ಕ ಬರುತ್ತದೆಯೇ ಹೊರತು, ಅವುಗಳನ್ನು ನಿರ್ವಹಿಸುವವರ ತರಬೇತಿಯ ಮಾತು ಬರುವುದು ಅಪರೂಪ. ಬಾವಿ ಕೊರೆದ ಮೇಲೆ ಗಂಟೆಗಟ್ಟಲೆ ನೀರೆತ್ತಿ, ಮಟ್ಟ ಎಷ್ಟು ಇಳಿಯಿತು, ಪಂಪ್ ನಿಲ್ಲಿಸಿದ ಬಳಿಕ ಎಷ್ಟು ಹೊತ್ತಿನಲ್ಲಿ ಚೇತರಿಸಿಕೊಂಡಿತು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟರೆ ಮಾತ್ರ ಅದು ದಿನಕ್ಕೆಷ್ಟು ನೀರು ಕೊಡಬಲ್ಲದೆಂದು ಅಂದಾಜಿಸಬಹುದು. 1935ರಲ್ಲಿ ಅಮೆರಿಕದ ಅಂತರ್ಜಲ ವಿಜ್ಞಾನಿ ಚಾರ್ಲ್ಸ್ ಥೀಸ್ ರೂಪಿಸಿದ ಸಮೀಕರಣ ಈ ವಿಶ್ಲೇಷಣೆಗೆ ಇಂದಿಗೂ ಆಧಾರವಾಗಿದೆ. ಆದರೆ ಸಮೀಕರಣವನ್ನು ಓದುವುದು ಬೇರೆ, ಬಾವಿಯ ಪಕ್ಕ ರಾತ್ರಿಯಿಡೀ ಕುಳಿತು ಅಳೆಯುವುದು ಬೇರೆ. ತರಬೇತಿಯ ಹೆಚ್ಚಿನ ಪಾಲು ಈ ಎರಡನೆಯದಕ್ಕೇ ಮೀಸಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ಗುಣಮಟ್ಟವೂ ಅಷ್ಟೇ ಮುಖ್ಯ. ಹೆಚ್ಚಾದರೆ ಹಲ್ಲು, ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್ ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆಯೇ ಎಂದು ಪರೀಕ್ಷೆಯಿಂದಲೇ ಗೊತ್ತಾಗಬೇಕು. ಮಾದರಿ ಸಂಗ್ರಹಿಸುವುದರಲ್ಲೇ ತಪ್ಪಿದರೆ ಪ್ರಯೋಗಾಲಯದ ವರದಿಗೆ ಬೆಲೆಯಿಲ್ಲ.

1981ರಿಂದ 1990ರವರೆಗಿನ ಅಂತರರಾಷ್ಟ್ರೀಯ ಕುಡಿಯುವ ನೀರಿನ ದಶಕದಲ್ಲಿ, ಹಳ್ಳಿಯವರೇ ದುರಸ್ತಿ ಮಾಡಬಲ್ಲ ಕೈಪಂಪುಗಳ ಅಗತ್ಯ ಮನದಟ್ಟಾಗಿತ್ತು. ಆದ್ದರಿಂದ ಎಂಜಿನಿಯರುಗಳು ಮತ್ತು ಭೂವಿಜ್ಞಾನಿಗಳ ಜೊತೆಗೆ ಪಂಪ್ ಮೆಕ್ಯಾನಿಕ್‌ಗಳಿಗೂ, ನೀರು ಹೊರುವ ಮಹಿಳೆಯರಿಗೂ ಈ ತರಬೇತಿಯಲ್ಲಿ ಸ್ಥಾನ ಸಿಗಲಿ, ಅದರ ವೆಚ್ಚವನ್ನು ಪ್ರತಿ ಯೋಜನೆಯ ಅಂದಾಜುಪಟ್ಟಿಯಲ್ಲೇ ಸೇರಿಸಲಿ.

— ಓರ್ವ ಓದುಗ