ಕಾರಿನಲ್ಲಿ ಮಲಗಿದ್ದ ಗೆಳೆಯ

ಪ್ರಿಯ ತಮ್ಮಾ,

ಸ್ಪೇನಿನ ಲಾನ್ಸರೋಟೆ ದ್ವೀಪಕ್ಕೆ ನೀನು ಹೋಗಿ ಬಂದ ಪ್ರವಾಸದ ಬರಹ ಎರಡು ಸಲ ಓದಿದೆ. ಮೊದಲನೇ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು.

‘ಚಂದ್ರಲೋಕದಂತೆ’ ಅನ್ನೋ ಮಾತು ಐದು ಕಡೆ ಸಿಕ್ಕಿತು. ಚಂದ್ರನ ಮೇಲೆ ನೀನೂ ಕಾಲಿಟ್ಟಿಲ್ಲ, ನಾನೂ ಇಟ್ಟಿಲ್ಲ. ನೀನು ವಿಜಯಪುರದ ಕಡೆಯವನು. ನಿಮ್ಮ ಹೊಲದ ಎರೆಮಣ್ಣೂ ಲಾವಾದ ಮೊಮ್ಮಗಳೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಬಿಸಿಲು ಮಳೆಗೆ ಪುಡಿಯಾಗಿ ಜೋಳ ಬೆಳೆಯೋ ನೆಲ ಆಯಿತು. ನೀನು ನೋಡಿದ ಜ್ವಾಲಾಮುಖಿ ಪಾರ್ಕು ತಿಮಾನ್ಫಾಯಾದ ಕಲ್ಲಿಗೆ ಇನ್ನೂ ಮುನ್ನೂರು ವರ್ಷ ತುಂಬಿಲ್ಲ, ಅಂಚು ಚಾಕುವಿನ ಹಾಗಿದೆ. ನಿನ್ನ ಕಾಲಿಗೆ ಗೊತ್ತಿರೋ ನೆಲ ಬಿಟ್ಟು ಸುಮ್ನೆ ಚಂದ್ರನ ತನಕ ಯಾಕೆ ಹೋದೆ?

1730ರ ಸೆಪ್ಟೆಂಬರ್ 1ರ ರಾತ್ರಿ ಅಲ್ಲಿ ನೆಲ ಬಿರಿಯಿತು. ಬೆಂಕಿ ಆರಿದ್ದು 1736ರಲ್ಲಿ. ಇದಕ್ಕೆ ನೀನು ‘ರೌದ್ರ ನರ್ತನ’ ಅಂತ ಬರೆದಿದ್ದೀಯ. ಆಗ ಯೈಸಾ ಎಂಬ ಊರಿನ ಪಾದ್ರಿಯೊಬ್ಬರು ಇದನ್ನೆಲ್ಲ ಕಣ್ಣಾರೆ ಕಂಡು ದಿನಚರಿ ಬರೆದಿಟ್ಟರು. ಯಾವ ದಿನ, ಎಷ್ಟು ಹೊತ್ತಿಗೆ, ಲಾವಾ ಯಾವ ಹಳ್ಳಿ ಕಡೆ ತಿರುಗಿತು, ಹೊಗೆಗೆ ದನಗಳು ಹೇಗೆ ಉಸಿರುಕಟ್ಟಿ ಬಿದ್ದವು. ಇಷ್ಟೇ. ತನ್ನ ಊರಿನ ಸುತ್ತಲೇ ಸುಡುವಾಗ ಅವರಿಗೆ ನರ್ತನ ನೆನಪಾಗಲಿಲ್ಲ.

ಆದರೆ ನನ್ನ ನಿಜವಾದ ತಕರಾರು ಇದಲ್ಲ. ನಿನ್ನ ಗೆಳೆಯ ಎಲ್ಲಿ? ಏರ್‌ಪೋರ್ಟಿನಲ್ಲಿ ನಿನ್ನ ಚೀಲ ಎತ್ತಿಕೊಂಡವನು ಆಮೇಲೆ ಬರಹದಲ್ಲಿ ಕಾಣಲೇ ಇಲ್ಲ. ಫೋನಿನಲ್ಲಿ ಹೇಳಿದೆಯಲ್ಲ, ಅವನು ಹೋಟೆಲ್ ಅಡುಗೆಮನೆಯ ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ನಿನ್ನನ್ನು ಕರೆದುಕೊಂಡು ಹೋದ ಅಂತ. ಬೆಂಕಿ ಬೆಟ್ಟದ ಒಳಗೆ ಸ್ವಂತ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸೇ ಗತಿ. ನೀನು ಬಸ್ಸಿನಲ್ಲಿ ಸುತ್ತಿ ಬರುವಷ್ಟರಲ್ಲಿ ಅವನು ಕಾರಿನಲ್ಲೇ ಗೊರಕೆ ಹೊಡೆಯುತ್ತಿದ್ದ. ನೆಲದ ಕಾವಿನಲ್ಲೇ ಮಾಂಸ ಸುಡುವ ಹೋಟೆಲ್ ನೋಡಿ, “ಇವರಿಗೆ ಗ್ಯಾಸ್ ಬಿಲ್ ಬರಲ್ಲ ಕಣೋ” ಅಂದನಂತೆ. ಆ ಒಂದು ಮಾತಿನ ಮುಂದೆ ನಿನ್ನ ಮೂರು ಪುಟ ಸಪ್ಪೆ.

ನಾನೂ ಈ ತಪ್ಪು ಮಾಡಿದವನೇ. ಐಸ್‌ಲ್ಯಾಂಡಿನಲ್ಲಿ ಗೆಳತಿಯ ಮನೆಯಲ್ಲಿ ಒಂದು ವಾರ ಉಂಡು ಬಂದು, ಬಿಸಿನೀರಿನ ಬುಗ್ಗೆ, ಕಪ್ಪು ಮರಳು ಅಂತ ಉದ್ದಕ್ಕೆ ಬರೆದೆ. ಅವಳು ಓದಿ ಕೇಳಿದಳು: “ಟೂರ್ ಬಸ್ಸಲ್ಲಿ ಬಂದಿದ್ದೆಯಾ?” ರೇಕ್ಯಾವಿಕ್ಕಿನ ನಲ್ಲಿಯ ಬಿಸಿನೀರು ನೆಲದೊಳಗಿಂದ ಬರುತ್ತದೆ, ಗಂಧಕದ ವಾಸನೆ. ಹೊಸದಾಗಿ ಬಂದಾಗ ಅವಳು ಮೊಟ್ಟೆ ಕೊಳೆತಿದೆ ಅಂದುಕೊಂಡು ಫ್ರಿಜ್ಜಿನಲ್ಲಿದ್ದ ಅಷ್ಟೂ ಮೊಟ್ಟೆ ಎಸೆದಿದ್ದಳಂತೆ. ಅದನ್ನು ಬಿಟ್ಟು ಬುಗ್ಗೆಯ ಎತ್ತರ ಬರೆದಿದ್ದೆ ನಾನು. ಈಗಲೂ ನಾಚಿಕೆ ಆಗುತ್ತದೆ.

ತಿಮಾನ್ಫಾಯಾದಲ್ಲಿ ನೆಲಕ್ಕೆ ಹೂತ ಪೈಪಿಗೆ ನೀರು ಸುರಿದರೆ ಉಗಿ ಚಿಮ್ಮುವ ಆಟವನ್ನು ಒಂದೇ ಸಾಲಿಗೆ ಇಳಿಸು. ಅದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಅದೇ ದ್ವೀಪದ ಲಾ ಹೇರಿಯಾ ಅನ್ನೋ ಕಡೆಯ ದ್ರಾಕ್ಷಿ ತೋಟವನ್ನು ‘ವಿಚಿತ್ರ’ ಅಂತ ಒಂದು ಪದದಲ್ಲಿ ಮುಗಿಸಿದೆಯಲ್ಲ, ಅಲ್ಲಿ ನಿಲ್ಲು. ರೈತನ ಮಗ ನಿಲ್ಲದೆ ಇನ್ಯಾರು ನಿಲ್ಲುತ್ತಾರೆ? ವರ್ಷಕ್ಕೆ 150 ಮಿಲಿಮೀಟರ್ ಮಳೆಯೂ ಗ್ಯಾರಂಟಿ ಇಲ್ಲದ ಊರು. ಜ್ವಾಲಾಮುಖಿ ಉಗುಳಿ ಹೊಲ ಮುಚ್ಚಿದ ಕರಿ ಹರಳನ್ನೇ ಅವರು ಉಪಯೋಗಕ್ಕೆ ತಂದರು. ಅದಕ್ಕೆ ಪಿಕೋನ್ ಅನ್ನುತ್ತಾರೆ. ಹಗುರ, ಮೈತುಂಬ ತೂತು. ರಾತ್ರಿಯ ತೇವ ಹೀರಿ ಕೆಳಗಿನ ಮಣ್ಣಿಗೆ ಇಳಿಸುತ್ತದೆ, ಹಗಲು ಅದು ಆರದ ಹಾಗೆ ಮುಚ್ಚಿಡುತ್ತದೆ. ಬೇರು ಹಳೇ ಮಣ್ಣನ್ನು ಮುಟ್ಟಲಿ ಅಂತ ಆಳೆತ್ತರದ ಗುಂಡಿ ತೋಡಿ, ಗುಂಡಿಗೆ ಒಂದೋ ಎರಡೋ ಬಳ್ಳಿ ನೆಟ್ಟು, ಗಾಳಿ ಬರುವ ಕಡೆ ಅರ್ಧಚಂದ್ರದ ಕಲ್ಲುಗೋಡೆ ಕಟ್ಟಿದರು. ಬೇಕಿದ್ದರೆ ನಿನ್ನ ಚಂದ್ರನನ್ನು ಇಲ್ಲಿ ಇಟ್ಟುಕೋ.

ಇನ್ನೊಂದು. ನೀನು ವಾಟ್ಸ್ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದ್ದೆ, ನೆನಪಿದೆಯಾ? ಗೆಳೆಯನ ಬಾಲ್ಕನಿಯಲ್ಲಿ ಕುಂಡ, ಕುಂಡದಲ್ಲಿ ಮೊಣಕಾಲೆತ್ತರದ ಕರಿಬೇವು. ಮಣ್ಣಿನ ಮೇಲೆ ಅದೇ ಪಿಕೋನ್ ಹರಡಿದ್ದಾನೆ. ಈ ಉಪಾಯ ಯಾರು ಹೇಳಿಕೊಟ್ಟರು ಅವನಿಗೆ? ಎಲೆ ಕಿತ್ತು ಒಗ್ಗರಣೆ ಹಾಕುತ್ತಾನೋ, ಸುಮ್ನೆ ನೋಡಿಕೊಂಡು ಇರುತ್ತಾನೋ? ಫೋನ್ ಮಾಡಿ ಕೇಳು. ಪಾಳಿ ನೋಡಿಕೊಂಡು ಮಾಡು, ಪಾಪ, ಮಲಗಿರುತ್ತಾನೆ.

ನಿನ್ನ,
ಅಣ್ಣ