ಹೋಟೆಲಿನ ಹಿಂಬಾಗಿಲ ಕೀಲಿ ಯಾರ ಹತ್ತಿರ ಇದೆ?

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂತ ಮನೆಯವರೆಲ್ಲ ಸೇರಿ ಬೆಂಗಳೂರಿನ ಒಂದು ರೆಸ್ಟೋರೆಂಟಿಗೆ ಹೋಗಿದ್ದೆವು. ಮೂರನೇ ಮಹಡಿ. ಭಾನುವಾರ ರಾತ್ರಿ, ಒಂದು ಟೇಬಲ್ಲೂ ಖಾಲಿ ಇರಲಿಲ್ಲ. ಕೈ ತೊಳೆಯಲು ಹೋದವನು ಪಕ್ಕದಲ್ಲಿ ಎಕ್ಸಿಟ್ ಅಂತ ಹಸಿರು ಬೋರ್ಡ್ ಇದ್ದ ಬಾಗಿಲನ್ನು ಸುಮ್ನೆ ತಳ್ಳಿದೆ. ಒಂದು ಗೇಣು ತೆರೆಯಿತು, ಅಷ್ಟೇ. ಆಚೆ ಈರುಳ್ಳಿ ಮೂಟೆ, ಕೂಲ್‌ಡ್ರಿಂಕ್ಸ್ ಕ್ರೇಟು, ಕಾಲು ಮುರಿದ ಎರಡು ಕುರ್ಚಿ. ಸಂದಿಯಲ್ಲಿ ಬಗ್ಗಿ ನೋಡಿದರೆ ಮೆಟ್ಟಿಲಿನ ತಿರುವಿನಲ್ಲಿ ಕಬ್ಬಿಣದ ಗ್ರಿಲ್ಲು, ಅದಕ್ಕೆ ಸರಪಳಿ ಸುತ್ತಿ ಬೀಗ. ಕೀಲಿ ಯಾರ ಹತ್ತಿರ ಇದೆಯಪ್ಪಾ ಅಂತ ಅಲ್ಲಿದ್ದ ಕ್ಲೀನರ್ ಹುಡುಗನನ್ನು ಕೇಳಿದೆ. "ಮ್ಯಾನೇಜರ್ ಹತ್ರ ಇರುತ್ತೆ ಅಂಕಲ್, ಅವರು ಇವತ್ತು ರಜ" ಅಂದ.

ವಾಪಸ್ ಬಂದು ಕೂತೆ, ಊಟ ಗಂಟಲಲ್ಲಿ ಇಳಿಯಲಿಲ್ಲ. ಮೇಲೆ ಬರಲು ಇದ್ದದ್ದು ಒಂದು ಲಿಫ್ಟು, ಇಬ್ಬರು ಜೊತೆಯಾಗಿ ಇಳಿಯಲಾರದಷ್ಟು ಕಿರಿದಾದ ಒಂದು ಮೆಟ್ಟಿಲು. ಆ ಮೆಟ್ಟಿಲ ಬಾಯಲ್ಲೇ ಅಡುಗೆಮನೆ. ಬೆಂಕಿ ಹತ್ತುವುದೇ ಅಲ್ಲಿ ಅಂದರೆ ಒಳಗಿದ್ದ ನೂರಾರು ಜನ ಎಲ್ಲಿ ಹೋಗಬೇಕು?

ನಾನು ಈ ಊರಿನ ಹೋಟೆಲುಗಳಲ್ಲಿ 26 ವರ್ಷ ದುಡಿದವನು. ಕುಂದಾಪುರದ ಕಡೆಯಿಂದ ಬಂದು ಲೋಟ ತೊಳೆಯುವುದರಿಂದ ಶುರು ಮಾಡಿ, ಸಪ್ಲೈಯರ್ ಆಗಿ, ಕೊನೆಗೆ ಒಲೆ ಮುಂದೆ ನಿಂತವನು. ಹಾಗಾಗಿ ಈ ವಿಷಯ ಬಂದಾಗ ನನ್ನ ಕಣ್ಣು ಗಿರಾಕಿಗಿಂತ ಮೊದಲು ಅಡುಗೆಮನೆಯವರ ಕಡೆ ಹೋಗುತ್ತದೆ. 2018ರ ಜನವರಿ 8ರ ನಸುಕಿನಲ್ಲಿ ನಮ್ಮ ಕಲಾಸಿಪಾಳ್ಯದ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಬೆಂಕಿ ಬಿತ್ತು. ಗಿರಾಕಿಗಳೆಲ್ಲ ಮನೆಗೆ ಹೋಗಿಯಾಗಿತ್ತು. ಸತ್ತವರು ಐದೂ ಜನ ಒಳಗೆ ಮಲಗಿದ್ದ ಕೆಲಸಗಾರರು. ಅದಕ್ಕೆ ಹತ್ತು ದಿನ ಮೊದಲಷ್ಟೇ ಮುಂಬೈಯ ಕಮಲಾ ಮಿಲ್ಸ್‌ನಲ್ಲಿ ಮಾಳಿಗೆ ಮೇಲಿನ ಪಬ್ಬಿಗೆ ಬೆಂಕಿ ಬಿದ್ದು 14 ಜನ ಹೋಗಿದ್ದರು, ಅವರಲ್ಲಿ ತುಂಬಾ ಜನ ಹೊರಬರಲು ದಾರಿ ಕಾಣದೆ ಶೌಚಾಲಯದೊಳಗೆ ಸೇರಿಕೊಂಡು ಹೊಗೆಗೆ ಉಸಿರುಗಟ್ಟಿದವರು. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಜನ ಸತ್ತರಲ್ಲ, ಅಲ್ಲೂ ಹೆಚ್ಚಿನವರು ಕೆಲಸದವರೇ. ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದ ಹುಡುಗರು.

ಹೋಟೆಲಿನಲ್ಲಿ ಮಲಗುವುದು ಅಂದರೆ ಏನು ಅಂತ ನನಗೆ ಗೊತ್ತು. ಬೆಳಗ್ಗೆ ನಾಲ್ಕಕ್ಕೆ ಇಡ್ಲಿ ಬೇಯಿಸಲು ಇಡಬೇಕು, ರಾತ್ರಿ ಮುಚ್ಚುವುದು ಹನ್ನೊಂದಕ್ಕೆ, ಹತ್ತಿರದಲ್ಲಿ ರೂಮ್ ಮಾಡುವಷ್ಟು ಸಂಬಳ ಇಲ್ಲ. ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆ ಮಲಗುತ್ತಿದ್ದೆವು, ಜಾಗ ಸಿಗದವರು ನೆಲದ ಮೇಲೆ. ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಧಣಿ ಮನೆಗೆ ಹೋಗುತ್ತಿದ್ದರು. ಅವರು ಕೆಟ್ಟವರೇನಲ್ಲ, ನನ್ನ ತಂಗಿ ಮದುವೆಗೆ ಸಾಲ ಕೊಟ್ಟವರು. ಆದರೂ ಬೀಗ ಹಾಕಿ ಹೋಗುತ್ತಿದ್ದರು. ಅದು ತಪ್ಪು ಅಂತ ಅವರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಿ ಕಿಟಕಿಯಿಂದ ಹೊರಟುಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೋರಿ ಬಾಯಲ್ಲಿ, ಫ್ರಿಡ್ಜ್ ಅಡಿಯಲ್ಲಿ, ನೆಲದಲ್ಲಿ ಮಲಗಿದವನ ಮೂಗಿನ ಹತ್ತಿರ. ಆಮೇಲೆ ಯಾರೋ ಒಬ್ಬರು ಎದ್ದು ಲೈಟ್ ಸ್ವಿಚ್ ಒತ್ತಿದರೆ ಆಯಿತು. ಅದಕ್ಕೇ ರಾತ್ರಿ ಒಲೆಯ ತಿರುಗಣಿ ಆರಿಸಿದರೆ ಸಾಲದು, ಸಿಲಿಂಡರಿನ ವಾಲ್ವನ್ನೇ ಮುಚ್ಚಬೇಕು. ಸಿಲಿಂಡರ್ ಇರಬೇಕಾದದ್ದು ಹೊರಗೆ, ಗಾಳಿ ಆಡುವ ಜಾಗದಲ್ಲಿ. ಬೇಸ್‌ಮೆಂಟಿನಲ್ಲಂತೂ ಇಡಲೇಬಾರದು. ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ 100 ಕೆಜಿಗಿಂತ ಜಾಸ್ತಿ ಎಲ್‌ಪಿಜಿ ಇಡುವ ಹಾಗಿಲ್ಲ, ಅಂದರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಐದಕ್ಕೆ ಲೆಕ್ಕ ಮುಗಿಯಿತು. ಸಂಜೆ ಹೊತ್ತು ಯಾವುದಾದರೂ ಜೋರು ವ್ಯಾಪಾರದ ಹೋಟೆಲಿನ ಹಿಂದೆ ಹೋಗಿ ಎಣಿಸಿ ನೋಡಿ.

ಇನ್ನೊಂದು ವಿಷಯ ಹೇಳಲೇಬೇಕು. ಒಮ್ಮೆ ನಮ್ಮಲ್ಲಿ ಬೋಂಡದ ಬಾಣಲೆಗೇ ಬೆಂಕಿ ಹತ್ತಿತು. ಹೊಸದಾಗಿ ಸೇರಿದ್ದ ಹುಡುಗ ಗಾಬರಿಯಲ್ಲಿ ಒಂದು ಚೊಂಬು ನೀರು ಎರಚಿದ. ಕಾದ ಎಣ್ಣೆಗೆ ನೀರು ಬಿದ್ದ ಕೂಡಲೇ ಭಗ್ ಅಂತ ಎದ್ದ ಉರಿ ಸೂರಿಗೆ ತಾಗಿ, ಚಿಮಣಿಯೊಳಗೆ ಹೊಕ್ಕಿತು. ಭಟ್ಟರು ಗ್ಯಾಸ್ ಬಂದ್ ಮಾಡಿ, ಅನ್ನದ ಕೊಪ್ಪರಿಗೆಯ ದೊಡ್ಡ ಮುಚ್ಚಳ ಎತ್ತಿ ಬಾಣಲೆ ಮೇಲೆ ಕವಿದರು. ಬಾಣಲೆ ಆರಿತು, ಚಿಮಣಿ ಆರಲಿಲ್ಲ. ಅದರೊಳಗೆ ಎಷ್ಟು ವರ್ಷದ ಜಿಡ್ಡು ಹೆಪ್ಪುಗಟ್ಟಿತ್ತೋ, ಅರ್ಧ ಗಂಟೆ ಗೊರ್ ಅಂತ ಉರಿಯಿತು. ಆ ಹುಡುಗನ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಗೋಡೆ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದಿತ್ತು, ಆಯುಧಪೂಜೆಗೆ ಹಚ್ಚಿದ ಕುಂಕುಮ, ಒಣಗಿದ ಚೆಂಡುಹೂವಿನ ಹಾರ ಸಮೇತ. ಪಿನ್ ಎಳೆದರೆ ಏನೂ ಬರಲಿಲ್ಲ, ಒಳಗೆ ಒತ್ತಡವೇ ಇರಲಿಲ್ಲ. ಅದರ ಮುಳ್ಳು ಹಸಿರಿನಲ್ಲಿ ಇರಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಣ್ಣೆ ಬೆಂಕಿಗೆ ವೆಟ್ ಕೆಮಿಕಲ್ ಅಂತ ದ್ರವ ತುಂಬಿದ ಬೇರೆಯೇ ಸಿಲಿಂಡರ್ ಬರುತ್ತದೆ ಅಂತ ನನಗೆ ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ.

ಪ್ರತಿ ಸಲ ಆಗುವುದು ಒಂದೇ. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ಕೆಫೆಗೆ ಬೆಂಕಿ ಬಿದ್ದು, ಸಿಲಿಂಡರ್ ಸಿಡಿದು, ಒಬ್ಬರು ಮೇಲಿನಿಂದ ಹಾರಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಕೂಡಲೇ ತಪಾಸಣೆ, ನೋಟಿಸು, ರೂಫ್‌ಟಾಪ್ ಹೋಟೆಲುಗಳಿಗೆ ಬೀಗ. ಆಮೇಲೆ? 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ, ಕಿಟಕಿಯಿಂದ ಜನ ಹಾರಿ, 9 ಜನ ಸತ್ತಾಗಲೂ ಊರೆಲ್ಲ ಇದೇ ಮಾತಾಡಿತ್ತು. ಎತ್ತರದ ಕಟ್ಟಡಕ್ಕಾದರೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು, ಅದನ್ನು ಕೇಳುವವರಾದರೂ ಇದ್ದಾರೆ. ನಮ್ಮ ದರ್ಶಿನಿ, ಮಿಲಿಟರಿ ಹೋಟೆಲ್, ಬಿರಿಯಾನಿ ಅಂಗಡಿ, ಮನೆಯನ್ನೇ ಒಡೆದು ಮಾಡಿದ ಎರಡು ಮಹಡಿಯ ಕೆಫೆ, ಇವುಗಳ ಎತ್ತರ ಅಷ್ಟು ಇರುವುದಿಲ್ಲ. ಕಾಗದದ ಮೇಲೆ ಅವು ಚಿಕ್ಕವು. ಒಳಗೆ ಒಲೆ, ಗ್ಯಾಸು, ಎಣ್ಣೆ, ಜನ, ಯಾವುದೂ ಚಿಕ್ಕದಲ್ಲ.

ಆದರೆ ಒಂದು ಕಾಗದ ಎಲ್ಲ ಹೋಟೆಲಿಗೂ ಬೇಕು, ಅದು ಪಾಲಿಕೆಯ ಟ್ರೇಡ್ ಲೈಸೆನ್ಸ್. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆ ಆಗಿವೆ. ಒಬ್ಬೊಬ್ಬರಿಗೆ ನೋಡಿಕೊಳ್ಳುವ ಜಾಗ ಕಡಿಮೆಯಾಗಿದೆ ಅಂತಾದರೆ ಈ ಕೆಲಸ ಶುರು ಮಾಡಲಿ. ಲೈಸೆನ್ಸ್ ನವೀಕರಣ ಮಾಡುವ ಮೊದಲು ಯಾರಾದರೂ ಒಬ್ಬರು ಹೋಟೆಲಿಗೆ ಬಂದು ಹಿಂಬಾಗಿಲನ್ನು ಕೈಯಿಂದ ತಳ್ಳಿ ನೋಡಲಿ. ತೆರೆದು, ಮೆಟ್ಟಿಲಿಳಿದು, ರಸ್ತೆಗೆ ಬಂದು ಒಂದು ಫೋಟೋ ಹೊಡೆದುಕೊಳ್ಳಲಿ. ಅಷ್ಟು ಮಾಡಲು ಇಂಜಿನಿಯರ್ ಬೇಡ, ಮಿಷನ್ನೂ ಬೇಡ. ಚಿಮಣಿಯ ಡಕ್ಟ್ ಯಾವತ್ತು ತೊಳೆಸಿದ್ದು, ಬೆಂಕಿ ಆರಿಸುವ ಸಿಲಿಂಡರ್ ಯಾವತ್ತು ತುಂಬಿಸಿದ್ದು ಎಂಬ ಎರಡು ತಾರೀಖನ್ನು ಗಲ್ಲಾದ ಹತ್ತಿರ ದರಪಟ್ಟಿ ಪಕ್ಕದಲ್ಲೇ ಬರೆದು ಹಾಕಿಸಲಿ, ಗಿರಾಕಿಗಳೂ ಓದುತ್ತಾರೆ. ಇನ್ನು ರಾತ್ರಿ ಒಳಗೆ ಯಾರೂ ಮಲಗುವ ಹಾಗಿಲ್ಲ ಅಂತ ಬರೆಸಿಕೊಳ್ಳಲಿ. ಅದರ ಜೊತೆಗೆ ಹುಡುಗರಿಗೆ ಮಲಗಲು ಬೇರೆ ಜಾಗ ತೋರಿಸಬೇಕು ಅಂತಲೂ ಇರಲಿ. ಇಲ್ಲದಿದ್ದರೆ ಅವರು ಕದ್ದುಮುಚ್ಚಿ ಅಲ್ಲೇ ಮಲಗುತ್ತಾರೆ, ಬೀಗ ಇನ್ನೂ ಗಟ್ಟಿ ಬೀಳುತ್ತದೆ.

ಮಾಲೀಕರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಬಾಡಿಗೆ, ಗ್ಯಾಸ್ ರೇಟು, ಕಮಿಷನ್ ಎಲ್ಲ ಸೇರಿ ಕೈಯಲ್ಲಿ ಉಳಿಯುವುದು ಕಡಿಮೆ. ಹಿಂಬಾಗಿಲು ತೆರೆದಿಟ್ಟರೆ ಸಾಮಾನು ಹೋಗುತ್ತದೆ, ಬಿಲ್ ಕೊಡದೆ ಎದ್ದು ಹೋಗುವವರಿದ್ದಾರೆ, ಇದು ಸುಳ್ಳಲ್ಲ. ಅದಕ್ಕೆ ಉಪಾಯ ಇದೆ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಅಡ್ಡಪಟ್ಟಿಯ ಬಾಗಿಲು ಸಿನಿಮಾ ಥಿಯೇಟರಿನಲ್ಲಿ ಇರುತ್ತದಲ್ವಾ, ಅದೇ. ಬಾಗಿಲು ತೆರೆದ ಕೂಡಲೇ ಗಲ್ಲಾದಲ್ಲಿ ಗಂಟೆ ಹೊಡೆಯುವ ಹಾಗೆ ಒಂದು ವೈರ್ ಎಳೆಸಿದರೆ ಕಳ್ಳನೂ ಸಿಗುತ್ತಾನೆ. ಲಕ್ಷಗಟ್ಟಲೆ ಹಾಕಿ ಫಾಲ್ಸ್ ಸೀಲಿಂಗ್, ಪ್ಲಾಸ್ಟಿಕ್ ಬಳ್ಳಿ, ಥರ್ಮೋಕೋಲ್ ಗೋಡೆ ಮಾಡಿಸುವವರಿಗೆ ಇದೊಂದು ಭಾರ ಆಗಬಾರದು. ಆ ಅಲಂಕಾರವೇ ಮೊದಲು ಹತ್ತಿಕೊಳ್ಳುವುದು ಅನ್ನುವುದು ಬೇರೆ ಮಾತು.

ಆ ರೆಸ್ಟೋರೆಂಟಿನ ಬೀಗದ ಫೋಟೋ ತೆಗೆದು, ವಿಳಾಸ ಬರೆದು, ಸಂಬಂಧಪಟ್ಟ ಕಚೇರಿಗೆ ಮಾರನೇ ದಿನವೇ ದೂರು ಕೊಟ್ಟಿದ್ದೇನೆ. ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಮೊನ್ನೆ ಭಾನುವಾರ ಕಾಫಿ ಕುಡಿಯುವ ನೆಪದಲ್ಲಿ ಮತ್ತೆ ಹೋಗಿದ್ದೆ. ಆ ಕ್ಲೀನರ್ ಹುಡುಗ ಗುರುತು ಹಿಡಿದು ನಕ್ಕ, ತಾನೇ ಕರೆದುಕೊಂಡು ಹೋಗಿ ಬಾಗಿಲು ತಳ್ಳಿ ತೋರಿಸಿದ. ಮೂಟೆ, ಕ್ರೇಟು, ಕುರ್ಚಿ ಎಲ್ಲ ತೆಗೆದಿದ್ದಾನೆ, ಯಾರೂ ಹೇಳದಿದ್ದರೂ ಅವನೇ. ಮೆಟ್ಟಿಲ ತಿರುವಿನವರೆಗೆ ಇಬ್ಬರೂ ಇಳಿದೆವು. ಸರಪಳಿ, ಬೀಗ ಹಾಗೇ ಇವೆ.

ಇತಿ,
ಒಬ್ಬ ಹಳೆಯ ಹೋಟೆಲ್ ಕೆಲಸಗಾರ, ಬೆಂಗಳೂರು